ಕೇಳಿ ಕೊಯ್ಯಿರಿ

ಮೊಲೆ ಅನ್ನುವ ಮಾತನ್ನು ನಾವು ಇಲ್ಲಿ ಹಾಗೇ ಬರೆಯುತ್ತಿದ್ದೇವೆ. ಪಠ್ಯಪುಸ್ತಕ ಸ್ತನ ಅನ್ನುತ್ತೆ, ಡಾಕ್ಟರು ಬ್ರೆಸ್ಟು ಅಂತಾರೆ, ಸಭ್ಯಸ್ಥರು ಎದೆ ಅಂತ ಹೇಳಿ ಜಾರಿಕೊಳ್ಳುತ್ತಾರೆ. ನಮ್ಮ ಅಜ್ಜಿಯರು, ಅವ್ವಂದಿರು ಮೊಲೆ ಅಂತಲೇ ಅಂದರು, ಹಾಗಂತಲೇ ಮಕ್ಕಳಿಗೆ ಉಣಿಸಿದರು. ಮನೆಯ ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ದಿನ ದನದ ಡಾಕ್ಟರನ್ನು ಕರೆಸುತ್ತಾರೆ. ಬೀದಿಯಲ್ಲಿ ನಿಂತು ಕೆಚ್ಚಲಿನ ಮಾತಾಡೋಕೆ ಯಾರಿಗೂ ನಾಚಿಕೆಯಿಲ್ಲ. ಆ ಹಸುವಿನ ಹಾಲು ಕರೆಯುವ ಹೆಂಗಸಿನ ಮೊಲೆಯಲ್ಲಿ ಗಂಟು ಬಂದರೆ ಅದು ಆರು ತಿಂಗಳು, ವರ್ಷ ಸೆರಗಿನ ಒಳಗೇ ಬೆಳೆಯುತ್ತದೆ.

ನಾವು ಗುತ್ತಲಿನ ಹೆಣ್ಣುಮಕ್ಕಳು. ಮಂಡ್ಯ ಪೇಟೆಗೆ ಅಂಟಿಕೊಂಡ ಊರು ನಮ್ಮದು. ನಮ್ಮಲ್ಲಿ ಕಬ್ಬಿನ ಗದ್ದೆಗೆ, ನಾಟಿಗೆ, ಕಳೆಗೆ ಹೋಗುವವರಿದ್ದೇವೆ. ಪೇಟೆಯ ಮನೆಗಳಲ್ಲಿ ಮುಸುರೆ ತಿಕ್ಕುವವರಿದ್ದೇವೆ. ನಾಲ್ಕಕ್ಷರ ಕಲಿತು ಪಾಠ ಹೇಳುವವರೂ ಇದ್ದೇವೆ. ಕ್ಯಾನ್ಸರಿಗೆ ಮೊಲೆ ತೆಗೆಸಿಕೊಳ್ಳಬೇಕಾಗಿ ಬಂದ ಹೆಂಗಸಿನ ಮುಂದೆ ಏನೇನು ದಾರಿಗಳಿವೆ, ತೊಟ್ಟನ್ನು ಉಳಿಸಿಕೊಳ್ಳಬಹುದೆ, ಹೋದ ಮೊಲೆಯನ್ನು ಮತ್ತೆ ಕಟ್ಟಿಸಿಕೊಳ್ಳಬಹುದೆ, ಕಟ್ಟಿಸಿಕೊಳ್ಳದೆಯೂ ಇರಬಹುದೆ, ಇದನ್ನೆಲ್ಲ ಅವಳಿಗೆ ಯಾರು ಯಾವಾಗ ಹೇಳಬೇಕು ಅನ್ನುವುದು ಈ ಬರಹದ ವಿಷಯ. ‘ಅನ್ನಕ್ಕೇ ಗತಿಯಿಲ್ಲದ ಜನಕ್ಕೆ ತೊಟ್ಟಿನ ಚಿಂತೆಯೇನ್ರವ್ವ?’ ಅಂತ ನಮ್ಮ ಜೊತೆ ಮೆರವಣಿಗೆಯಲ್ಲಿ ನಡೆದ ಗೆಳೆಯರೇ ಕೇಳಿದರು. ಅವರು ಕೇಳಿದ್ದಕ್ಕೇ ಬರೆಯುತ್ತಿದ್ದೇವೆ.

ಈ ನೆಲದಲ್ಲಿ ಹೆಂಗಸಿನ ಮೊಲೆಯ ಮೇಲೆ ಹೆಂಗಸಿನ ಮಾತು ನಡೆದದ್ದು ಕಡಿಮೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲ್ಜಾತಿಯವರ ಮುಂದೆ ಎದೆ ಮುಚ್ಚಿಕೊಳ್ಳಬಾರದು ಅನ್ನುವ ಕಟ್ಟಳೆ ಇತ್ತು. ಹತ್ತಾರು ವರ್ಷ ಹೊಡೆತ ತಿಂದು, ಬಟ್ಟೆ ಹರಿಸಿಕೊಂಡು ಹೋರಾಡಿದ ಮೇಲೆ 1859ರಲ್ಲಿ ಅಲ್ಲಿನ ದೊರೆ ಮುಚ್ಚಿಕೊಳ್ಳಬಹುದು ಅಂತ ಅಪ್ಪಣೆ ಕೊಟ್ಟ. ಅದೂ ಮೇಲ್ಜಾತಿ ಹೆಂಗಸರ ಹಾಗೆ ಮುಚ್ಚಿಕೊಳ್ಳಬಾರದು ಅನ್ನುವ ಷರತ್ತಿನ ಮೇಲೆ. ಅಂದು ಮುಚ್ಚಬೇಡ ಅಂದರು. ಇಂದು ಡಾಕ್ಟರ ಮುಂದೆಯೂ ಬಿಚ್ಚಬೇಡ, ಮಾನ ಹೋಗುತ್ತೆ ಅಂತಾರೆ. ಎರಡರಲ್ಲೂ ಅವಳನ್ನು ಕೇಳಿದವರಿಲ್ಲ.

ನಮ್ಮ ಚಿಕ್ಕವ್ವನ ವಿಷಯ ಹೇಳುತ್ತೇವೆ. ಅವಳಿಗೆ ಆಗ ನಲವತ್ತಾರು. ಎಡ ಮೊಲೆಯಲ್ಲಿ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತ್ತು. ‘ನೋವೇ ಇಲ್ವಲ್ಲ ಕಣವ್ವ, ನೋವಿಲ್ದಿದ್ ಮ್ಯಾಲೆ ಅದೆಂಥ ಕಾಯ್ಲೆ?’ ಅಂದಳು. ನೋವಿಲ್ಲದಿರುವುದೇ ಈ ಗಂಟಿನ ಮೋಸ. ಕ್ಯಾನ್ಸರಿನ ಗಂಟು ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲ. ಕಬ್ಬಿನ ಕಟಾವು ಮುಗಿಯಲಿ ಅಂದಳು, ಮಗಳ ಬಾಣಂತನ ಮುಗಿಯಲಿ ಅಂದಳು. ಅಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿತ್ತು, ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು, ಕಂಕುಳಲ್ಲೂ ಗಂಟು ಸಿಕ್ಕುತ್ತಿತ್ತು.

ಒಂದು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಹಾಳೆಯೊಂದನ್ನು ಕೊಟ್ಟರು, ಚಿಕ್ಕಪ್ಪ ರುಜು ಹಾಕಿದ. ಚಿಕ್ಕವ್ವನಿಗೆ ‘ಗಡ್ಡೆ ತೆಗೀತೀವಿ’ ಅಂತಷ್ಟೇ ಹೇಳಿದ್ದರು. ಎಚ್ಚರವಾದಾಗ ಕೈಯಿಂದ ತಡವಿ ನೋಡಿಕೊಂಡಳು. ‘ತೊಟ್ಟೂ ತಗುದ್ಬುಟ್ರಾ?’ ಅಂತ ಕೇಳಿದಳು. ‘ಜೀವ ಉಳೀತಲ್ಲಮ್ಮ. ಈ ವಯಸ್ಸಲ್ಲಿ ಅದನ್ನಿಟ್ಕೊಂಡು ಏನ್ ಮಾಡ್ತೀಯ?’ ಅನ್ನುವ ಉತ್ತರ ಬಂತು. ಅದು ಬೈಗುಳವಲ್ಲ, ಹೊಡೆತವಲ್ಲ. ಹೇಳಿದವರು ಸಮಾಧಾನ ಮಾಡುತ್ತಿದ್ದೇವೆ ಅಂದುಕೊಂಡೇ ಹೇಳಿದರು. ಚಿಕ್ಕವ್ವ ಗೋಡೆ ಕಡೆ ತಿರುಗಿಕೊಂಡಳು.

ಇಲ್ಲಿ ನಾವು ನಿಜ ಹೇಳಬೇಕು. ಅವಳ ತೊಟ್ಟನ್ನು ಉಳಿಸುವುದು ಸರಿಯಾಗುತ್ತಿರಲಿಲ್ಲ. ಒಳಕ್ಕೆ ಎಳೆದುಕೊಂಡ ತೊಟ್ಟೆಂದರೆ ಕ್ಯಾನ್ಸರು ಅಲ್ಲಿಗೆ ಮುಟ್ಟಿರುವ ಗುರುತು. ತೆಗೆದದ್ದು ತಪ್ಪಲ್ಲ. ತೆಗೆಯುತ್ತೇವೆ ಅಂತ ಅವಳಿಗೆ ಹೇಳದೆ ಹೋದದ್ದು ತಪ್ಪು. ಮನೆ ಒಡೆಯುವ ಮುನ್ನ ಸರ್ಕಾರ ಕೂಡ ನೋಟೀಸು ಕೊಡುತ್ತದೆ. ನಲವತ್ತಾರು ವರ್ಷ ಜೊತೆಗಿದ್ದ ಅಂಗಕ್ಕೆ ಒಂದು ಮಾತಿನ ನೋಟೀಸೂ ಇಲ್ಲವೆ?

ಇದಕ್ಕೆ ಕಾನೂನಿದೆ. ಒಬ್ಬ ಹೆಂಗಸು ಹೊಟ್ಟೆಯೊಳಗೆ ಏನಾಗಿದೆ ಅಂತ ನೋಡುವ ಪರೀಕ್ಷೆಗೆ ಒಪ್ಪಿ ಮಲಗಿದಳು. ಅವಳಿಗೆ ಎಚ್ಚರವಿಲ್ಲದಾಗ ಅವಳ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದರು. ಸಮೀರಾ ಕೊಹ್ಲಿ ಮೊಕದ್ದಮೆ ಅಂತ ಹೆಸರಾದ ಆ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟ ಒಪ್ಪಿಗೆಯಲ್ಲ. ರೋಗಿ ವಯಸ್ಕಳಾಗಿ, ಬುದ್ಧಿ ಸ್ವಾಧೀನದಲ್ಲಿದ್ದು, ಕಾಯಲು ಸಮಯವಿರುವಾಗ ಬೇರೆಯವರ ಒಪ್ಪಿಗೆ ನಡೆಯುವುದಿಲ್ಲ. ಏನು ಮಾಡುತ್ತೇವೆ, ಅದರಿಂದ ಏನು ಲಾಭ, ಏನು ಅಪಾಯ, ಬೇರೆ ದಾರಿ ಯಾವುದಿದೆ ಅನ್ನುವುದನ್ನು ಡಾಕ್ಟರು ತಿಳಿಸಬೇಕು. ಗಂಡನ ರುಜು ಹೆಂಡತಿಯ ರುಜುವಲ್ಲ ಅನ್ನುವುದನ್ನು ನಮ್ಮ ಗಂಡಸರೂ ಕಲಿಯಬೇಕಾಗಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶಗಳನ್ನು ಸಾವಿರಗಟ್ಟಲೆ ತೆಗೆದಿರುವುದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಕೂಲಿ ಹೆಂಗಸಿನ ಮೈಯೊಳಗಿನದನ್ನು ತೆಗೆಯುವಾಗ ಯಾರಿಗೂ ಕೈ ನಡುಗುವುದಿಲ್ಲ.

*

ಈಗ ದಾರಿಗಳ ಮಾತು. ಮೇಷ್ಟ್ರುಗಳು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು. ಯಾಕೆಂದರೆ ಕೇರಿಯ ಹೆಂಗಸು ಮೊದಲು ಕೇಳುವುದು ನಿಮ್ಮನ್ನೇ.

ಅಮೆರಿಕದ ಹಾಲ್‌ಸ್ಟೆಡ್ ಅನ್ನುವ ಸರ್ಜನ್ 1894ರಲ್ಲಿ ತನ್ನ ಆಪರೇಷನ್ನಿನ ವರದಿ ಪ್ರಕಟಿಸಿದ. ಮೊಲೆ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವ ಆಪರೇಷನ್ ಅದು. ಹೆಚ್ಚು ಕೊಯ್ದಷ್ಟೂ ಹೆಚ್ಚು ಬದುಕುತ್ತಾಳೆ ಅಂತ ಲೋಕ ಮುಕ್ಕಾಲು ಶತಮಾನ ನಂಬಿತು. ಈ ನಂಬಿಕೆಯನ್ನು ಮುರಿದವರಲ್ಲಿ ಬರ್ನಾರ್ಡ್ ಫಿಶರ್ ಒಬ್ಬರು. 1,800ಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನವನ್ನು ಅವರ ತಂಡ 1985ರಲ್ಲಿ ಪ್ರಕಟಿಸಿತು, 20 ವರ್ಷದ ಲೆಕ್ಕವನ್ನು 2002ರಲ್ಲಿ ಕೊಟ್ಟಿತು. ಗಂಟು ಚಿಕ್ಕದಿದ್ದಾಗ ಅದನ್ನಷ್ಟೇ ತೆಗೆದು ವಿಕಿರಣ ಕೊಟ್ಟವರೂ ಮೊಲೆ ಪೂರಾ ತೆಗೆಸಿಕೊಂಡವರೂ ಒಂದೇ ಸಮನಾಗಿ ಬದುಕಿದ್ದರು. ಆದ್ದರಿಂದ ಮೊದಲ ಪ್ರಶ್ನೆ ತೊಟ್ಟಿನದ್ದಲ್ಲ. ಮೊಲೆಯನ್ನೇ ಉಳಿಸಬಹುದೆ ಅನ್ನುವುದು ಮೊದಲ ಪ್ರಶ್ನೆ.

ವಿಕಿರಣವನ್ನು ನಮ್ಮ ಕಡೆ ಕರೆಂಟು ಕೊಡೋದು ಅಂತಾರೆ. ಅದಕ್ಕೆ ಮೂರರಿಂದ ಐದಾರು ವಾರ, ವಾರಕ್ಕೆ ಐದು ದಿನ ಹೋಗಬೇಕು. ದಿನಗೂಲಿಯವಳು ಅಷ್ಟು ದಿನ ಎಲ್ಲಿ ಉಳಿಯಬೇಕು, ಮನೆಯಲ್ಲಿ ಒಲೆ ಹಚ್ಚುವವರು ಯಾರು? ‘ಇವಳು ಕರೆಂಟಿಗೆ ಬರೋದಿಲ್ಲ, ಪೂರಾ ತೆಗೆದುಬಿಡೋಣ’ ಅಂತ ಡಾಕ್ಟರು ಲೆಕ್ಕ ಹಾಕುತ್ತಾರೆ. ಹಾಗೆ ಎಷ್ಟೋ ಮೊಲೆಗಳು ಕ್ಯಾನ್ಸರಿಗಲ್ಲ, ಬಸ್ ಚಾರ್ಜಿಗೆ ಮತ್ತು ಹೋಗುವ ಕೂಲಿಗೆ ಬಲಿಯಾಗುತ್ತವೆ.

ಮೊಲೆಯನ್ನು ತೆಗೆಯಲೇಬೇಕಾದಾಗ ಎಷ್ಟು ತೆಗೆಯಬೇಕು ಅನ್ನುವುದರಲ್ಲಿ ಬಗೆಗಳಿವೆ. ತೊಟ್ಟು, ಅದರ ಸುತ್ತಲ ಕಪ್ಪು ವರ್ತುಲ, ಮೇಲಿನ ಚರ್ಮದ ಬಹುಭಾಗ, ಒಳಗಿನ ಮಾಂಸ ಎಲ್ಲವನ್ನೂ ತೆಗೆದು ಎದೆಯನ್ನು ಮಟ್ಟಸವಾಗಿ ಹೊಲಿಯುವುದು ಒಂದು. ಚರ್ಮವನ್ನು ಉಳಿಸಿ, ತೊಟ್ಟನ್ನೂ ಒಳಗಿನದನ್ನೂ ತೆಗೆಯುವುದು ಇನ್ನೊಂದು. ಮೂರನೆಯದರಲ್ಲಿ ಮೊಲೆಯ ಕೆಳಗಿನ ಮಡಿಕೆಯಲ್ಲೋ ಪಕ್ಕದಲ್ಲೋ ಸೀಳಿ, ಚರ್ಮವನ್ನೂ ತೊಟ್ಟನ್ನೂ ಹಾಗೇ ಬಿಟ್ಟು, ಒಳಗಿನ ಮಾಂಸವನ್ನಷ್ಟೇ ತೆಗೆಯುತ್ತಾರೆ. ಹಲಸಿನ ತೊಳೆ ತೆಗೆದು ಸಿಪ್ಪೆ ಉಳಿಸಿದ ಹಾಗೆ. ಬರಿದಾದ ಜಾಗವನ್ನು ಆಗಲೇ ತುಂಬಿ ಮೊಲೆಯ ಆಕಾರ ಕೊಡುತ್ತಾರೆ.

ತೊಟ್ಟು ಉಳಿಸುವುದು ಎಲ್ಲರಿಗೂ ಆಗುವುದಿಲ್ಲ. ಗಂಟು ತೊಟ್ಟಿನಿಂದ ದೂರ ಇರಬೇಕು. ತೊಟ್ಟಿನಿಂದ ರಕ್ತ ಸೋರುತ್ತಿರಬಾರದು, ತೊಟ್ಟಿನ ಮೇಲೆ ಮಾಯದ ಹುಣ್ಣಿರಬಾರದು, ಚರ್ಮಕ್ಕೆ ರೋಗ ಹತ್ತಿರಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ, ಮೊಲೆ ಬಹಳ ದೊಡ್ಡದಾಗಿ ಜೋತಿದ್ದರೆ ತೊಟ್ಟಿಗೆ ರಕ್ತ ಸರಿಯಾಗಿ ಹರಿಯದೆ ಅದು ಕಪ್ಪಾಗಿ ಸತ್ತುಹೋಗುವ ಭಯವಿದೆ. ತೊಟ್ಟಿನ ಹಿಂದಿನ ಮಾಂಸದ ಚೂರನ್ನು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಕ್ಯಾನ್ಸರು ಕಂಡರೆ ತೊಟ್ಟನ್ನು ತೆಗೆಯಲೇಬೇಕು. ಸರಿಯಾಗಿ ಆರಿಸಿದವರಲ್ಲಿ ಈ ಆಪರೇಷನ್ನೂ ಪೂರಾ ತೆಗೆಯುವ ಆಪರೇಷನ್ನಿನಷ್ಟೇ ಭದ್ರ ಅಂತ ಡಾಕ್ಟರುಗಳು ಕಂಡುಕೊಂಡಿದ್ದಾರೆ. ಉಳಿದ ತೊಟ್ಟಿನಲ್ಲಿ ಹಾಲು ಬರುವುದಿಲ್ಲ. ಸ್ಪರ್ಶ ಹೆಚ್ಚಿನಂಶ ಹೋಗಿಬಿಡುತ್ತದೆ.

ನಮ್ಮ ಅಕ್ಕನ ಮಗಳಿಗೆ ಮೂವತ್ತಾರು. ಅಂಗನವಾಡಿ ಸಹಾಯಕಿ. ಚಿಕ್ಕವ್ವನ ಪಾಡು ನೋಡಿದವಳಾದ್ದರಿಂದ ಕೈಗೆ ಗಂಟು ಸಿಕ್ಕಿದ ವಾರದಲ್ಲೇ ತೋರಿಸಿದಳು. ಒಂದೇ ಮೊಲೆಯಲ್ಲಿ ದೂರದೂರಕ್ಕೆ ಎರಡು ಸಣ್ಣ ಗಂಟುಗಳಿದ್ದವು, ಆದ್ದರಿಂದ ಪೂರಾ ತೆಗೆಯುವುದೇ ಒಳ್ಳೆಯದು ಅಂದರು. ಆದರೆ ಅಲ್ಲಿದ್ದ ಲೇಡಿ ಡಾಕ್ಟರು ಚೀಟಿಯ ಹಿಂಭಾಗದಲ್ಲಿ ಚಿತ್ರ ಬರೆದು ತೋರಿಸಿದರು. ‘ತೊಟ್ಟು ಉಳಿಸೋಕೆ ಪ್ರಯತ್ನ ಪಡಬಹುದು. ಜಾಗ ತುಂಬೋಕೆ ಸಿಲಿಕಾನ್ ಚೀಲ ಇಡಬಹುದು, ಇಲ್ಲ ಬೆನ್ನಿನ ಸ್ನಾಯು ತಿರುಗಿಸಿ ತರಬಹುದು, ಇಲ್ಲ ಹೊಟ್ಟೆಯ ಕೊಬ್ಬು ತರಬಹುದು. ಏನೂ ಬೇಡ ಅಂದ್ರೆ ಅದೂ ಸರಿ. ಎರಡು ದಿನ ಯೋಚನೆ ಮಾಡಿ’ ಅಂದರು. ಆ ಎರಡು ದಿನದ ಬೆಲೆ ನಮಗೆ ಗೊತ್ತು.

ನಾವೆಲ್ಲ ಕೂತು ಯೋಚಿಸಿದೆವು. ಪೇಟೆಯ ಹೆಂಗಸಿಗೆ ಯಾವ ಮೊಲೆ ಚೆನ್ನಾಗಿ ಕಾಣುತ್ತೆ ಅನ್ನುವುದು ಲೆಕ್ಕವಾದರೆ ನಮಗೆ ಯಾವ ಸ್ನಾಯು ಬೇಕು ಅನ್ನುವುದೂ ಲೆಕ್ಕ. ಬೆನ್ನಿನ ಅಗಲವಾದ ಸ್ನಾಯು ತೋಳನ್ನು ಕೆಳಕ್ಕೆ, ಹಿಂದಕ್ಕೆ ಎಳೆಯುವ ಸ್ನಾಯು. ಮಚ್ಚು ಬೀಸುವುದಕ್ಕೆ, ಬಾವಿಯಿಂದ ನೀರು ಸೇದುವುದಕ್ಕೆ ಅದೇ ಬೇಕು. ಹೊಟ್ಟೆಯ ಸ್ನಾಯುವನ್ನೂ ಸೇರಿಸಿ ತೆಗೆದರೆ ಹೊಟ್ಟೆ ಬಲ ಕುಂದುತ್ತೆ, ಹರ್ನಿಯಾ ಆಗುವ ಭಯವಿದೆ. ಹೊರೆ ಹೊರುವವಳಿಗೆ ಅದು ಸಣ್ಣ ಮಾತಲ್ಲ. ಸ್ನಾಯು ಬಿಟ್ಟು ಚರ್ಮ ಕೊಬ್ಬನ್ನಷ್ಟೇ ತಂದು, ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜೋಡಿಸುವ ವಿಧಾನವೂ ಇದೆ. ಅದಕ್ಕೆ ಬಹಳ ಹೊತ್ತು ಬೇಕು, ಪಳಗಿದ ಕೈ ಬೇಕು, ಎಲ್ಲ ಕಡೆ ಸಿಗುವುದಿಲ್ಲ. ಸಿಲಿಕಾನ್ ಚೀಲಕ್ಕೆ ಮೈಯ ಬೇರೆ ಭಾಗ ಕೊಯ್ಯಬೇಕಿಲ್ಲ. ಆದರೆ ಅದು ಜೀವಮಾನ ಪೂರ್ತಿ ಬಾಳುವ ಸಾಮಾನಲ್ಲ, ಮುಂದೆ ಬದಲಿಸಬೇಕಾಗಬಹುದು. ಕರೆಂಟು ಕೊಟ್ಟರೆ ಅದರ ಸುತ್ತ ಗಟ್ಟಿಯಾಗಿ ಮೊಲೆ ಬಿಗಿದುಕೊಳ್ಳುವುದೂ ಹೆಚ್ಚು.

‘ಬೆನ್ನು ನಂಗೆ ಬೇಕು ಮೇಡಮ್, ಮಕ್ಕಳನ್ನ ಎತ್ಕೋಬೇಕು’ ಅಂತ ಹೇಳಿ ಅವಳು ಚೀಲ ಇಡಿಸಿಕೊಂಡಳು. ತೊಟ್ಟು ಉಳಿಯಿತು. ಎರಡನೇ ವಾರ ಅದರ ಅಂಚು ಕಪ್ಪಾಯಿತು, ನಾವೆಲ್ಲ ಹೆದರಿದೆವು. ಹಕ್ಕಳೆ ಉದುರಿ ಕೆಳಗೆ ಹೊಸ ಚರ್ಮ ಬಂತು. ‘ನಂದೇ ಚರ್ಮ ಕಣತ್ತೆ, ಆದ್ರೆ ಮುಟ್ಟಿದ್ರೆ ನಂಗ್ ಗೊತ್ತಾಗಲ್ಲ. ಆದ್ರೂ ಸ್ನಾನ ಮಾಡುವಾಗ ಬಗ್ಗಿ ನೋಡಿದ್ರೆ ನಾನೇ ಕಾಣ್ತೀನಿ’ ಅಂತ ಹೇಳಿದಳು. ಅವಳು ಆರಿಸಿದ್ದು ಸರಿಯೋ ತಪ್ಪೋ ಅಂತ ತೀರ್ಪು ಕೊಡುವ ಕೆಲಸ ನಮ್ಮದಲ್ಲ. ಆರಿಸಿದವಳು ಅವಳು.

ಕಂಕುಳಿನ ಗ್ರಂಥಿಗಳ ಮಾತನ್ನೂ ಇಲ್ಲೇ ಹೇಳಬೇಕು. ಅವನ್ನೆಲ್ಲ ತೆಗೆದರೆ ಆ ಕಡೆಯ ತೋಳು ಬಾತುಕೊಳ್ಳಬಹುದು. ಆ ಕೈಗೆ ಗಾಯವಾಗದಂತೆ ನೋಡಿಕೊಳ್ಳಿ ಅಂತ ಆಸ್ಪತ್ರೆಯಲ್ಲಿ ಹೇಳಿ ಕಳಿಸುತ್ತಾರೆ. ಕಬ್ಬಿನ ಗರಿ ದಿನಾ ಕೈ ಕೊಯ್ಯುವ ಕೆಲಸದವಳಿಗೆ ಈ ಮಾತು ಹೇಳಿದರೆ ಅವಳು ಏನು ಮಾಡಬೇಕು? ಮೊದಲು ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿ, ಅವು ಶುದ್ಧವಿದ್ದರೆ ಉಳಿದವನ್ನು ಬಿಡುವ ವಿಧಾನ ಈಗ ಇದೆ. ಅದನ್ನು ನಾವೇ ಕೇಳಬೇಕು.

*

ಕಟ್ಟಿಸಿಕೊಳ್ಳದೆ ಇರುವುದೂ ಒಂದು ದಾರಿ. ಅಮೆರಿಕದ ಕರಿಯ ಕವಿ ಆಡ್ರೆ ಲಾರ್ಡ್ 1978ರಲ್ಲಿ ಮೊಲೆ ತೆಗೆಸಿಕೊಂಡರು. ಅದರ ಬಗ್ಗೆ 1980ರಲ್ಲಿ ‘ದಿ ಕ್ಯಾನ್ಸರ್ ಜರ್ನಲ್ಸ್’ ಅನ್ನುವ ಪುಸ್ತಕ ತಂದರು. ಅವರು ಹುಸಿ ಮೊಲೆ ತೊಡದೆ ಡಾಕ್ಟರ ಬಳಿ ಹೋದಾಗ, ಹೀಗೆ ಬಂದರೆ ಇಲ್ಲಿನವರ ಮನೋಬಲ ಕೆಡುತ್ತದೆ ಅಂತ ನರ್ಸು ಹೇಳಿದಳಂತೆ. ಲಾರ್ಡ್ ಒಪ್ಪಲಿಲ್ಲ. ಹೆಂಗಸಿನ ಗಾಯವನ್ನು ಬಚ್ಚಿಟ್ಟರೆ ಲಾಭ ಯಾರಿಗೆ ಅಂತ ಕೇಳಿದರು. ನಮ್ಮ ಚಿಕ್ಕವ್ವ ಲಾರ್ಡ್ ಹೆಸರು ಕೇಳಿದವಳಲ್ಲ. ಹತ್ತಿ ತುಂಬಿದ ಬಟ್ಟೆಯ ಮೊಲೆಯನ್ನು ಹೊಲಿದುಕೊಟ್ಟಾಗ ಎರಡು ದಿನ ಇಟ್ಟುಕೊಂಡು ‘ಸೆಕೆ ಕಣವ್ವ’ ಅಂತ ತೆಗೆದಿಟ್ಟಳು. ಮಟ್ಟಸ ಎದೆಯಲ್ಲೇ ಕಳೆ ಕೀಳೋಕೆ ಹೋಗುತ್ತಾಳೆ. ಜೊತೆಯವರು ಮೊದಲು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು.

ಇನ್ನೊಂದು ತುದಿಯಲ್ಲಿ ಹಾಲಿವುಡ್ಡಿನ ಏಂಜಲಿನಾ ಜೋಲಿ. ತಾಯಿ ಕ್ಯಾನ್ಸರಿನಿಂದ 56ಕ್ಕೇ ತೀರಿಕೊಂಡಿದ್ದರು. ರಕ್ತ ಪರೀಕ್ಷೆಯಲ್ಲಿ ವಂಶವಾಹಿ ದೋಷ ಕಂಡಿತು. ಕ್ಯಾನ್ಸರು ಬರುವ ಮೊದಲೇ ಆಕೆ ಎರಡೂ ಮೊಲೆ ತೆಗೆಸಿ, ತೊಟ್ಟು ಉಳಿಸಿ, ಕಟ್ಟಿಸಿಕೊಂಡರು. 2013ರಲ್ಲಿ ಅದನ್ನು ಪತ್ರಿಕೆಯಲ್ಲಿ ಬರೆದರು. ಆ ಪರೀಕ್ಷೆಗೇ ಅಮೆರಿಕದಲ್ಲಿ 3,000 ಡಾಲರಿಗೂ ಹೆಚ್ಚು ಅಂತ ಅವರೇ ಬರೆದಿದ್ದಾರೆ. ಲಾರ್ಡ್ ಬೇಡ ಅಂದರು, ಜೋಲಿ ಬೇಕು ಅಂದರು. ಇಬ್ಬರೂ ಕೇಳಿಸಿಕೊಂಡು ಹೇಳಿದರು. ನಮ್ಮ ಕೇರಿಯ ಹೆಂಗಸಿಗೆ ಬೇಕು ಅನ್ನುವ ಭಾಗ್ಯವೂ ಇಲ್ಲ, ಬೇಡ ಅನ್ನುವ ಭಾಗ್ಯವೂ ಇಲ್ಲ. ಬಡತನ ಅಂದರೆ ಇದೂ ಹೌದು.

2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1,92,000 ಹೆಂಗಸರಿಗೆ ಮೊಲೆಯ ಕ್ಯಾನ್ಸರು ಬಂತು, ಸುಮಾರು 98,000 ಹೆಂಗಸರು ಸತ್ತರು. ಅಮೆರಿಕದಲ್ಲಿ 2024ರ ಅಂದಾಜು 3,10,000 ಕಾಯಿಲೆ, 42,000 ಸಾವು. ಅಲ್ಲಿನವರ ಮೈ ಬೇರೆಯಲ್ಲ. ಅವರು ಬೇಗ ಬರುತ್ತಾರೆ, ಪೂರ್ತಿ ಚಿಕಿತ್ಸೆ ಸಿಗುತ್ತದೆ. ತೊಟ್ಟು ಉಳಿಯುವುದೂ ಜೀವ ಉಳಿಯುವುದೂ ಒಂದೇ ದಾರಿಯಲ್ಲಿವೆ: ಗಂಟು ಚಿಕ್ಕದಿರುವಾಗ ಬರುವುದು.

2023ರಲ್ಲಿ ನಮ್ಮದೇ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ನೋಡುತ್ತಿದ್ದದ್ದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗದ ತನಕ ಆ ಮೆಷಿನ್ ಬಂತು, ಹೆಣ್ಣನ್ನು ಹುಟ್ಟದಂತೆ ಮಾಡುವುದಕ್ಕೆ. ಹುಟ್ಟಿ ಬೆಳೆದ ಹೆಣ್ಣಿನ ಮೊಲೆಯ ಗಂಟು ನೋಡುವುದಕ್ಕೆ ಅಂಥದೇ ಮೆಷಿನ್ನು ಯಾವ ಆಲೆಮನೆಗೂ ಬರಲಿಲ್ಲ.

ಆದರೆ ಮೆಷಿನ್ನೇ ಬೇಕೆಂದೇನೂ ಇಲ್ಲ. ಮುಂಬಯಿಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರ ಮೇಲೆ 20 ವರ್ಷ ನಿಗಾ ಇಟ್ಟರು. ಅವರಲ್ಲಿ ಅರ್ಧ ಜನಕ್ಕೆ, ಡಾಕ್ಟರಲ್ಲದ, ತರಬೇತಿ ಪಡೆದ ಹೆಂಗಸರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. 2021ರಲ್ಲಿ ಫಲ ಹೊರಬಂತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ರೋಗ ಬಲಿಯುವ ಮೊದಲೇ ಸಿಕ್ಕುವುದು ಹೆಚ್ಚಾಯಿತು. 50 ದಾಟಿದವರಲ್ಲಿ ಸಾವು ಸುಮಾರು 30ರಷ್ಟು ಶೇಕಡಾ ಇಳಿಯಿತು. ಹೆಂಗಸಿನ ಕೈ ಹೆಂಗಸನ್ನು ಮುಟ್ಟಿದ್ದರಿಂದ ಆದ ಕೆಲಸ ಅದು. ನಮ್ಮಲ್ಲೂ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡಬೇಕು ಅನ್ನುವ ಕಾರ್ಯಕ್ರಮವಿದೆ. ಮಾಡುತ್ತಿದ್ದಾರೋ ಇಲ್ಲವೋ ಅಂತ ಹೋಗಿ ಕೇಳುವುದು ಸಂಘಟನೆಯ ಕೆಲಸ. ರೇಷನ್ ಅಂಗಡಿ ಮುಂದೆ ನಿಂತು ಕೇಳಿದ ಹಾಗೇ ಇದನ್ನೂ ಕೇಳಬೇಕು.

ಗೆಳೆಯರೆ, ನಿಮ್ಮ ಊರಿನ ಒಬ್ಬಳು ಆಪರೇಷನ್ನಿಗೆ ಹೊರಟರೆ ಬಸ್ಸಿಗೆ ಹತ್ತಿಸಿ ಬಂದುಬಿಡಬೇಡಿ. ಒಂದು ಹಾಳೆಯಲ್ಲಿ ಈ ಪ್ರಶ್ನೆಗಳನ್ನು ದೊಡ್ಡಕ್ಷರದಲ್ಲಿ ಬರೆದು ಅವಳ ಕೈಗೆ ಕೊಡಿ. ಕಾಯಿಲೆ ಯಾವ ಹಂತದಲ್ಲಿದೆ? ಗಂಟನ್ನಷ್ಟೇ ತೆಗೆದರೆ ಸಾಲದೆ? ಮೊದಲು ಔಷಧಿ ಕೊಟ್ಟು ಗಂಟನ್ನು ಕುಗ್ಗಿಸಬಹುದೆ? ಪೂರಾ ತೆಗೆಯಬೇಕಾದರೆ ಚರ್ಮ, ತೊಟ್ಟು ಉಳಿಸಬಹುದೆ, ಆಗದಿದ್ದರೆ ಯಾಕೆ ಆಗದು? ಮೊಲೆ ಕಟ್ಟುವುದಾದರೆ ಈಗಲೋ ಆಮೇಲೋ, ಮೈಯ ಯಾವ ಭಾಗದಿಂದ? ನಾನು ಎಷ್ಟು ದಿನಕ್ಕೆ ಕೂಲಿಗೆ ಹೋಗಬಹುದು? ಕಂಕುಳಿನ ಗ್ರಂಥಿ ಎಷ್ಟು ತೆಗೆಯುತ್ತೀರಿ? ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆಯಿದೆ. ಯಾವ ಆಪರೇಷನ್ನಿಗೆ ಕಾರ್ಡು ನಡೆಯುತ್ತದೆ ಅನ್ನುವುದನ್ನು ಸೇರುವ ಮೊದಲೇ ಅಲ್ಲಿನ ಆರೋಗ್ಯಮಿತ್ರರ ಬಾಯಿಂದ ಹೇಳಿಸಿಕೊಳ್ಳಲಿ. 1973ರಿಂದ ಬಡವರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಬಾಗಿಲಿಗೆ ಹೋಗುತ್ತಲೇ ಇದ್ದಾರೆ. ಹೋಗುವವರ ಕೈಯಲ್ಲಿ ಇನ್ನು ಮೇಲೆ ರಿಪೋರ್ಟಿನ ಜೊತೆ ಈ ಹಾಳೆಯೂ ಇರಲಿ.

ಓದೋಕೆ ಬರದವಳಾದರೆ ನೀವು ಜೊತೆಗೆ ಹೋಗಿ ಓದಿ. ಉತ್ತರವನ್ನು ಅವಳಿಗೆ ಹೇಳಿ, ಅವಳ ಗಂಡನಿಗಲ್ಲ. ಅವಳು ಪೂರಾ ತೆಗೀರಿ ಅಂದರೂ ಸರಿ, ತೊಟ್ಟು ಉಳಿಸಿ ಅಂದರೂ ಸರಿ, ಏನೂ ಕಟ್ಟಬೇಡಿ ಅಂದರೂ ಸರಿ. ಕತ್ತಿ ಡಾಕ್ಟರ ಕೈಯಲ್ಲಿರಲಿ, ಮಾತು ಅವಳ ಬಾಯಲ್ಲಿರಲಿ.